ಕಥೋಲಿಕ ಕುಟುಂಬ ಪುಸ್ತಕಗಳು: ಧರ್ಮಸಭೆಯ (ಚರ್ಚಿನ) ಬೋಧನೆ ಎಷ್ಟು, ಲೇಖಕರ ಮನೆಯ ರೂಢಿ ಎಷ್ಟು?

ಮುದಗಲ್ ಅಕ್ಕಾರ, ಕುಟುಂಬದ ಬಗ್ಗೆ ಕಥೋಲಿಕ ಪುಸ್ತಕಗಳು ಹೇಳಿದ್ದನ್ನೆಲ್ಲ ಪಾಲಿಸಬೇಕೇ ಎಂದು ನೀವು ಕೇಳಿದ್ದು ನಮ್ಮ ಬಳ್ಳಾರಿ ಧರ್ಮಕ್ಷೇತ್ರದಿಂದ (ಬಿಷಪ್ಪರ ಆಡಳಿತದ ಪ್ರದೇಶದಿಂದ) ಹೊರದೇಶಕ್ಕೆ ಬಂದ ಬಹಳ ಮನೆಗಳ ಪ್ರಶ್ನೆ. ಅಮೆರಿಕದ ಜನಪ್ರಿಯ ಕಥೋಲಿಕ ಲೇಖಕರನ್ನು ಓದಿದ ಮೇಲೆ ತಾಯಿ ಕೆಲಸ ಬಿಡಬೇಕೇನೋ, ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಬೇಕೇನೋ ಎಂಬ ಅಳುಕು ಶುರುವಾಗುತ್ತದೆ. ಪುಸ್ತಕ ಎತ್ತಿಡಬೇಡಿ, ಜರಡಿ ಹಿಡಿದು ಓದಿ.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಇಂಪ್ರಿಮಾಟುರ್’ (ಅಚ್ಚು ಹಾಕಲು ಬಿಷಪ್ಪರ ಅನುಮತಿ) ಇದ್ದರೆ ಒಳಗಿನದೆಲ್ಲ ಬಿಷಪ್ಪರ ಮಾತು ಅಂತಲ್ಲ. ವಿಶ್ವಾಸಕ್ಕೂ ನೀತಿಗೂ ವಿರುದ್ಧವಾದದ್ದು ಇಲ್ಲ ಎಂಬುದಷ್ಟೇ ಅದರ ಅರ್ಥ. ಸಂಬಳ ಯಾರು ತರಬೇಕು ಎಂಬ ಲೇಖಕರ ಅಭಿಪ್ರಾಯಕ್ಕೆ ಅದು ಮುದ್ರೆಯಲ್ಲ.

ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ. ವ್ಯಾಟಿಕನ್ ಜಾಲತಾಣದಲ್ಲಿ ಕುಟುಂಬ ಕುರಿತ ಪೋಪರ ದಾಖಲೆಗಳು ಉಚಿತ. ತಾಯಂದಿರ ಕೆಲಸದ ಬಗ್ಗೆ 1981ರ ‘ಫೆಮಿಲಿಯಾರಿಸ್ ಕನ್ಸೋರ್ಸಿಯೊ’ದ 23ನೇ ಪ್ಯಾರಾ ಉಲ್ಲೇಖವಾಗುತ್ತದೆ. ತಾಯಂದಿರು ಅನಿವಾರ್ಯವಾಗಿ ಹೊರಗೆ ದುಡಿಯುವಂತಾಗಬಾರದು ಎಂದು ಅಲ್ಲಿದೆ, ನಿಜ. ಆದರೆ ಹೆಣ್ಣು ಗಂಡಿನ ಸಮಾನ ಘನತೆಯ ಕಾರಣಕ್ಕೆ ಸಾರ್ವಜನಿಕ ಹೊಣೆಗಳಿಗೆ ಮಹಿಳೆಯರ ಪ್ರವೇಶ ಪೂರ್ತಿ ನ್ಯಾಯಯುತ ಎಂದೂ ಅದೇ ಪ್ಯಾರಾ ಹೇಳುತ್ತದೆ. ಅರ್ಧ ಉಲ್ಲೇಖಿಸಿದರೆ ಅರ್ಥವೇ ತಿರುಗುತ್ತದೆ. 2016ರ ‘ಅಮೋರಿಸ್ ಲೆತೀತ್ಸಿಯ’ದ 286ನೇ ಪ್ಯಾರಾ ಇನ್ನೂ ನೇರ: ಮನೆಗೆಲಸ ಮಾಡಿದ, ಮಕ್ಕಳನ್ನು ನೋಡಿಕೊಂಡ ಗಂಡನ ಗಂಡಸುತನಕ್ಕೇನೂ ಕುಂದಿಲ್ಲ. ನಮ್ಮ ಕಡೆಯ ಗಂಡಸರು ಇದನ್ನು ಎರಡು ಸಲ ಓದಬೇಕು.

ಮಕ್ಕಳೆಷ್ಟು ಎಂಬುದಕ್ಕೂ ಹೀಗೆಯೇ. 1968ರ ‘ಹ್ಯುಮಾನೆ ವೀತೆ’ ಕೃತಕ ಗರ್ಭನಿರೋಧ ಒಪ್ಪುವುದಿಲ್ಲ, ಅದು ಬೋಧನೆ. ಆದರೆ 10ನೇ ಪ್ಯಾರಾ ಆರೋಗ್ಯ, ಆದಾಯ, ಮನಸ್ಸು, ಸಮಾಜ ಎಲ್ಲವನ್ನೂ ತೂಗಿ ದಂಪತಿಗಳೇ ನಿರ್ಧರಿಸಲಿ ಎನ್ನುತ್ತದೆ. ಐದಾರು ಮಕ್ಕಳಿದ್ದರೇ ನಿಜವಾದ ಕಥೋಲಿಕ ಮನೆ ಎಂಬ ಮಾತು ಲೇಖಕರದು.

ನೀವಿರುವ ದೇಶದ ಕಾನೂನನ್ನು ಮರೆಯಬೇಡಿ. ಮನೆಶಾಲೆ ಜರ್ಮನಿಯಲ್ಲಿ ನಡೆಯುವುದಿಲ್ಲ, ಅಲ್ಲಿ ಮಕ್ಕಳು ಶಾಲೆಗೇ ಹೋಗಬೇಕು. ಶಿಸ್ತಿಗೆ ಒಂದೇಟು ತಪ್ಪಲ್ಲ ಎನ್ನುವ ಪುಸ್ತಕಗಳಿವೆ. ಸ್ವೀಡನ್ 1979ರಲ್ಲೇ, ಜರ್ಮನಿ 2000ದಲ್ಲಿ, ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಹೆತ್ತವರು ಹೊಡೆಯುವುದನ್ನೂ ನಿಷೇಧಿಸಿವೆ. ಸಮಾಜ ಸೇವಾ ಇಲಾಖೆಯವರು ಬಾಗಿಲಿಗೆ ಬಂದಾಗ ಪುಸ್ತಕ ನಿಮ್ಮನ್ನು ಕಾಯುವುದಿಲ್ಲ.

ದಿನಾ ಮನೆಮಂದಿ ಸೇರಿ ಜಪಸರ ಹೇಳಿ ಎಂಬ ಆ ಪುಸ್ತಕಗಳ ಸಲಹೆ ಮಾತ್ರ ಬಿಡಬೇಡಿ, ಅಳತೆ ಬದಲಿಸಿ. ಐದು ದಶಕಕ್ಕೆ (ಹತ್ತು ‘ನಮೋ ಮರಿಯಾ’ ಪ್ರಾರ್ಥನೆಗಳ ಒಂದು ಸುತ್ತು ಒಂದು ದಶಕ) ಇಪ್ಪತ್ತು ನಿಮಿಷ ಬೇಕು. ನಾಲ್ಕು ವರ್ಷದ ಮಗು ಅಷ್ಟು ಕೂರದು, ಪ್ರಾರ್ಥನೆ ದಿನಾ ಗದರಿಕೆಯಲ್ಲಿ ಮುಗಿಯುತ್ತದೆ. ಒಂದು ದಶಕ ಸಾಕು, ಕನ್ನಡದಲ್ಲೇ. ಆ ಪುಸ್ತಕಗಳ ಕುಟುಂಬ ಗಂಡ, ಹೆಂಡತಿ, ಮಕ್ಕಳಿಗೆ ಮುಗಿಯುತ್ತದೆ. ನಮ್ಮದರಲ್ಲಿ ಊರಲ್ಲಿರುವ ಅಜ್ಜಿಯೂ ಇದ್ದಾಳೆ, ಅವಳನ್ನೂ ಪ್ರಾರ್ಥನೆಗೆ ಸೇರಿಸಿಕೊಳ್ಳಿ. ಆದರೆ ಬ್ರಿಟನ್ನಿನ ಬೇಸಿಗೆಯ ಸಂಜೆ ಏಳೂವರೆ ಅಂದರೆ ಮುದಗಲ್ಲಿನಲ್ಲಿ ನಡುರಾತ್ರಿ ಹನ್ನೆರಡು. ಭಾನುವಾರ ಮಧ್ಯಾಹ್ನ ಒಂದಕ್ಕೆ ವಿಡಿಯೊ ಕರೆ ಮಾಡಿ, ಅಲ್ಲಿ ಸಂಜೆ ಐದೂವರೆ. ಅಜ್ಜಿ ‘ನಮೋ ಮರಿಯಾ’ ಶುರುಮಾಡಲಿ, ಮೊಮ್ಮಕ್ಕಳು ಉಳಿದರ್ಧ ಹೇಳಲಿ.

ಒಂದು ವಿಷಯದಲ್ಲಿ ಮಾತ್ರ ಆ ಲೇಖಕರು ಸರಿ, ನಾವೇ ತಿದ್ದಿಕೊಳ್ಳಬೇಕು. ಬೆಳೆದ ಮಕ್ಕಳ ಉದ್ಯೋಗ, ಮದುವೆಯಲ್ಲಿ ಒತ್ತಡ ಹಾಕಬೇಡಿ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ (ಕ್ಯಾಟಕಿಸಂ) 2230ನೇ ಪ್ಯಾರಾವೇ ಹೇಳುತ್ತದೆ. ಬಲವಂತ ಅಥವಾ ಗಂಭೀರ ಭಯದಿಂದ ಆದ ಮದುವೆ ಧರ್ಮಸಭೆಯ ಕಾನೂನಿನ 1103ನೇ ವಿಧಿಯಂತೆ ಅಸಿಂಧು. ರಾಯಚೂರಿನಿಂದ ಸಂಬಂಧ ಬಂತೆಂದು ಮಾತು ಕೊಡುವ ಮೊದಲು ಮಗಳನ್ನು ಕೇಳಿ, ಇಲ್ಲ ಅನ್ನಲೂ ಅವಳಿಗೆ ಅವಕಾಶವಿರಲಿ.