ಲವಂಗದ ಮೇಲೆ ಲ್ಯಾವೆಂಡರ್

ಧಾರವಾಡದ ಸಾಧನಕೇರಿಯ ದಂಡೆಯಲ್ಲಿ ಅಂದು ಸಂಜೆ ವಕೀಲರು ಹಾಜರುಪಡಿಸಿದ ಸಾಕ್ಷ್ಯವೆಂದರೆ ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ಶೀಶೆ. ಸೂಟಿಗೆ ಬಂದಿದ್ದ ಮೊಮ್ಮಗಳ ಹುಳುಕು ಹಲ್ಲನ್ನು ಮರುದಿನ ತುಂಬಿಸಬೇಕಾಗಿದ್ದುದರಿಂದ ಬೆಂಗಳೂರಿನ ಸೊಸೆ ಲ್ಯಾವೆಂಡರ್ ಎಣ್ಣೆಯನ್ನು ಕಳಿಸಿದ್ದಳು.

“ಕರವಸ್ತ್ರಕ್ಕೆ ಎರಡು ಹನಿ ಹಾಕಿ ಮೂಸಿಸಿದರೆ ಮಗುವಿನ ಅಂಜಿಕೆ ಇಳಿಯುತ್ತದಂತೆ, ಮಾಸ್ತರರೇ. ಮೂಗಿಗೆ ಬಿದ್ದ ವಾಸನೆ ಮಿದುಳಿನಲ್ಲಿ ಭಾವನೆಗಳಿರುವ ಜಾಗಕ್ಕೆ ನೇರವಾಗಿ ಹೋಗುತ್ತದೆ.”

“ನೇರವಾಗಿ ಹೋಗುತ್ತದೆಂಬುದೇ ನನ್ನ ತಕರಾರು,” ಎಂದರು ಮಾಸ್ತರರು. “ಹಲ್ಲಿನ ದವಾಖಾನೆಯ ಬಾಗಿಲಲ್ಲೇ ನಮ್ಮನ್ನು ಎದುರುಗೊಳ್ಳುವ ವಾಸನೆ ಯಾವುದು? ಯೂಜೆನಾಲ್, ಅಂದರೆ ನಮ್ಮ ಲವಂಗದ ಎಣ್ಣೆಯ ಸಾರ. ಅದನ್ನು ಸತುವಿನ ಆಕ್ಸೈಡಿನ ಪುಡಿಯಲ್ಲಿ ಕಲಸಿ ಹಲ್ಲಿನ ಕುಳಿಗೆ ಮೆತ್ತುತ್ತಾರೆ. ಮಸಾಲೆ ಅನ್ನದಲ್ಲಿ ಬಾಯಿ ನೀರೂರಿಸುವ ಲವಂಗವೇ ಅಲ್ಲಿ ಮೈ ನಡುಗಿಸುತ್ತದೆ, ಏಕೆಂದರೆ ಮೂಗು ಅದನ್ನು ನೋವಿನೊಡನೆ ಗಂಟು ಹಾಕಿಟ್ಟುಕೊಂಡಿದೆ. ನಾಳೆ ನಿಮ್ಮ ಮೊಮ್ಮಗಳು ಲ್ಯಾವೆಂಡರನ್ನೂ ಅದೇ ಗಂಟಿಗೆ ಸೇರಿಸಿಕೊಂಡರೆ ನಿಮ್ಮ ಸೊಸೆ ಮೈಗೆ ಹಚ್ಚುವ ಸಾಬೂನನ್ನೇ ಬದಲಿಸಬೇಕಾದೀತು.”

ವಕೀಲರು ಬಿಡಲಿಲ್ಲ. “ಇರಾನಿನಲ್ಲಿ 6ರಿಂದ 9 ವರ್ಷದ 30 ಮಕ್ಕಳಿಗೆ ಕಿತ್ತಳೆಯ ಪರಿಮಳ ಕೊಟ್ಟು ನೋಡಿದ್ದಾರೆ. ನಾಡಿಯ ಬಡಿತವೂ, ಅಂಜಿದಾಗ ಉಗುಳಿನಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನೂ ಇಳಿದವೆಂದು 2013ರಲ್ಲಿ ಪ್ರಕಟಿಸಿದ್ದಾರೆ.”

“ಮೂವತ್ತೇ? ಒಂದನೆಯ ಇಯತ್ತೆಯ ಮೊದಲ ದಿನ ನನ್ನೆದುರು ಅದಕ್ಕಿಂತ ಹೆಚ್ಚು ಮಕ್ಕಳು ಒಟ್ಟಿಗೆ ಅಳುತ್ತಿದ್ದರು. ಇರಲಿ, ತಾರೀಖು ಮುಂದೆ ಬಿದ್ದಾಗಲೆಲ್ಲ ನಿಮ್ಮ ಕಕ್ಷಿದಾರರಿಗೆ ಯಾವ ಎಣ್ಣೆ ಮೂಸಿಸುತ್ತಿದ್ದಿರಿ?”

“ಎಣ್ಣೆ ಮೂಗಿಗೆ ಸರಿ, ಆದರೆ ಯಂತ್ರ ಗುರ್ ಎನ್ನುವುದು ಕಿವಿಗಲ್ಲವೇ?” ಎಂದು ಗೌಡರು ಕೇಳಿದ್ದಕ್ಕೆ ಇಬ್ಬರೂ ಉತ್ತರಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರೇ ಮಾತು ತೆಗೆದರು. “ಗದಗಿನಲ್ಲಿ ನನ್ನ ದವಡೆಹಲ್ಲು ಕೀಳಿಸಿದಾಗ ನನಗೆ ಹತ್ತು ವರ್ಷ. ಒಲೆಯ ಮುಂದಿನಿಂದ ಹಾಗೆಯೇ ಎದ್ದು ಬಂದಿದ್ದ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡು ಕುಳಿತಿದ್ದೆ. ಅದಕ್ಕೆ ಹೊಗೆಯ, ಸೀದ ಜೋಳದ ಹಿಟ್ಟಿನ ವಾಸನೆಯಿತ್ತು.”

“ಅಂಜಿಕೆ ಹೋಯಿತೇ?”

“ಎಲ್ಲಿಯ ಮಾತು! ಓಣಿಗೆಲ್ಲ ಕೇಳುವಂತೆ ಒದರಿದೆ. ಆದರೆ ಇಂದಿಗೂ ಯಾರದಾದರೂ ಮನೆಯಲ್ಲಿ ರೊಟ್ಟಿ ಸೀದರೆ ನನ್ನ ನಾಲಿಗೆ ತಾನಾಗಿಯೇ ಆ ಖಾಲಿ ಜಾಗವನ್ನು ತಡವುತ್ತದೆ. ಅವ್ವ ಹೋಗಿ ಬಹಳ ವರ್ಷಗಳಾದವು.”

ವಕೀಲರು ಶೀಶೆಯ ಮುಚ್ಚಳವನ್ನು ಬಿಗಿದು ಜೇಬಿಗೆ ಸೇರಿಸಿದರು.

“ನಾಳೆ ಮಗುವನ್ನು ಯಾರು ಕರೆದೊಯ್ಯುತ್ತೀರಿ?” ಎಂದರು ಗೌಡರು.

“ನಾನೇ,” ಎಂದ ವಕೀಲರು, ಯಾರೂ ನೋಡುತ್ತಿಲ್ಲವೆಂದುಕೊಂಡು, ತಮ್ಮ ಅಂಗಿಯ ತೋಳನ್ನೊಮ್ಮೆ ಮೂಸಿ ನೋಡಿಕೊಂಡರು.