ಕೆಲಸದ ಓಟದ ನಡುವೆ ಕಷ್ಟದಲ್ಲಿರುವವರಿಗೆ ಸಮಯ ಹೇಗೆ ಕೊಡ್ತೀರಿ? ನಿಮ್ಮ ಅನುಭವ ಹೇಳಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ವಯಸ್ಸು 34, ಚಿಕ್ಕ ಮಕ್ಕಳಿಬ್ಬರು, ಮನೆ ಸಾಲ ಇದೆ. ಈ ವರ್ಷ ಬಡ್ತಿ ಸಿಗಲೇಬೇಕು ಅಂತ ಹಗಲು ರಾತ್ರಿ ದುಡಿಯುತ್ತಿದ್ದೇನೆ. ಕಳೆದ ಭಾನುವಾರ ಪೂಜೆಯಲ್ಲಿ ಒಳ್ಳೆಯ ಸಮಾರ್ಯದವನ ಸಾಮತಿ ಓದಿದರು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಸಮಾರ್ಯ ನಾಡಿನ ದಾರಿಹೋಕನೊಬ್ಬ ನೆರವಾದ, ಯೇಸು ಹೇಳಿದ ನೀತಿಕಥೆ ಅದು. ಹೊರಗೆ ಬಂದರೆ ಚರ್ಚ್ ಗೇಟಿನ ಹತ್ತಿರ ಕೂರುವ ಅಜ್ಜ ಎದ್ದು ಏನೋ ಹೇಳೋಕೆ ಬಂದರು. ನಾನು ಇಪ್ಪತ್ತು ರೂಪಾಯಿ ಕೈಗಿಟ್ಟು ಕಾರು ಹತ್ತಿದೆ. ಅವರು ದುಡ್ಡು ಕೇಳಿರಲೇ ಇಲ್ಲ. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ದುಡ್ಡು ಕಳಿಸೋದು ಸುಲಭ, ಸಮಯ ಎಲ್ಲಿಂದ ತರೋದು? ಕೆಲಸ, ಮನೆ ಎರಡನ್ನೂ ಇಟ್ಟುಕೊಂಡು ಇದನ್ನು ಮಾಡುತ್ತಿರುವವರು ಹೇಳಿ.

ಮಂಗಳೂರಿನ ಲೆಕ್ಕಪತ್ರದವನು, ಈಗ ಬೆಂಗಳೂರು

ನಿಮ್ಮ ಪ್ರಶ್ನೆ ಹತ್ತು ವರ್ಷದ ಹಿಂದಿನ ನನ್ನದೇ ಪ್ರಶ್ನೆ. ನಾನು ಲೆಕ್ಕಪತ್ರದ ಕೆಲಸದವನು, ಮಾರ್ಚ್ ಬಂದರೆ ಮನೆಯವರ ಮುಖವನ್ನೂ ಸರಿಯಾಗಿ ನೋಡಲ್ಲ. ನಮ್ಮ ಚರ್ಚಿನ ವಿನ್ಸೆಂಟ್ ಡಿ ಪಾಲ್ ಸೊಸೈಟಿಯವರು ಒಂದು ದಿನ ಹಿಡಿದು ಕೂರಿಸಿದರು. ಅವರ ಪದ್ಧತಿ ಸರಳ: ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೇ ಹೋಗಬೇಕು. ಈ ಸೊಸೈಟಿಯನ್ನು 1833ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದವರು ಕಾಲೇಜು ಹುಡುಗರು. ಅವರಲ್ಲಿ ಮುಖ್ಯನಾದ ಫ್ರೆಡರಿಕ್ ಓಝನಾಮ್‌ಗೆ ಆಗ ಬರೀ 20 ವರ್ಷ. ಆಮೇಲೆ ಅವರು ವಕೀಲರಾದರು, ಅಲ್ಲಿನ ಸೋರ್ಬೊನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ಮದುವೆಯಾಗಿ ಮಗಳೂ ಇದ್ದಳು. ಓದು, ಕೆಲಸ ಬಿಟ್ಟು ಸೇವೆಗೆ ಬಂದವರಲ್ಲ ಅನ್ನೋದೇ ನನಗೆ ಧೈರ್ಯ ಕೊಟ್ಟಿತು.

ನನಗೆ ಸಿಕ್ಕಿದ್ದು ಒಂಟಿಯಾಗಿರುವ ಒಬ್ಬ ಅಜ್ಜಿ. ಮೊದಲ ಸಲ ಹತ್ತು ಕೆಜಿ ಅಕ್ಕಿ, ಬೇಳೆ, ಎಣ್ಣೆ ಹೊತ್ತುಕೊಂಡು ಹೋಗಿ ಬಾಗಿಲಲ್ಲೇ ಇಟ್ಟು ಐದು ನಿಮಿಷಕ್ಕೆ ವಾಪಸ್. ಎರಡನೇ ತಿಂಗಳೂ ಅಷ್ಟೇ. ಮೂರನೇ ಸಲ ಅಜ್ಜಿ ಚಾಪೆ ಹಾಸಿ "ಕೂತ್ಕೊಳಪ್ಪ, ಕಾಪಿ ಕುಡಿದು ಹೋಗು" ಅಂದರು. ಕೂತೆ. ಲೋಟ ಕೊಡುವಾಗ ಅವರ ಕೈ ನೋಡಿದೆ. ಬೆರಳ ತುದಿಗಳೆಲ್ಲ ಸವೆದು ಕಲ್ಲಿನ ಹಾಗೆ ನುಣ್ಣಗಿತ್ತು, ಮೂವತ್ತು ವರ್ಷ ಬೇರೆಯವರ ಮನೆ ಪಾತ್ರೆ ತಿಕ್ಕಿದ ಕೈ. ಆಗಲೇ ಗೊತ್ತಾಗಿದ್ದು, ಹೆಬ್ಬೆರಳ ಗುರುತು ಮೆಷಿನ್‌ನಲ್ಲಿ ಬರ್ತಿಲ್ಲ ಅಂತ ಎಷ್ಟೋ ತಿಂಗಳಿಂದ ಪಿಂಚಣಿ ದುಡ್ಡೇ ಕೈಗೆ ಸಿಕ್ಕಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಯಾರೂ ಕೂತು ಕೇಳಿರಲೂ ಇಲ್ಲ. ನಾನು ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದೆ, ಕಣ್ಣಿನ ಗುರುತು ತೆಗೆದುಕೊಂಡರು, ಕೆಲಸ ಆಯಿತು. ನನ್ನ ಅಕ್ಕಿ ಮೂಟೆಗಿಂತ ಆ ಅರ್ಧ ದಿನವೇ ಅವರಿಗೆ ಬೇಕಾಗಿತ್ತು.

ಆ ಸಾಮತಿಯನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಬೈಬಲಿನ ಲೂಕ 10ನೇ ಅಧ್ಯಾಯ. ಸಮಾರ್ಯದವನೂ ಪ್ರಯಾಣದಲ್ಲೇ ಇದ್ದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಸವಾರಿ ಪ್ರಾಣಿಯ ಮೇಲೆ ಹತ್ತಿಸಿ ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟ, ಅಂದರೆ ಆಗಿನ ಎರಡು ದಿನದ ಕೂಲಿ. ಇನ್ನೂ ಖರ್ಚಾದರೆ ತಿರುಗಿ ಬರುವಾಗ ಕೊಡ್ತೀನಿ ಅಂದ. ಪ್ರಯಾಣ ಬಿಟ್ಟು ಅಲ್ಲೇ ಕೂತುಬಿಟ್ಟ ಅಂತ ಎಲ್ಲೂ ಇಲ್ಲ. ಆದರೆ ತಿರುಗಿ ಬರ್ತೀನಿ ಅಂದಿದ್ದಾನೆ. ನಾವು ತಪ್ಪುವುದು ಅಲ್ಲೇ ಅನ್ನಿಸುತ್ತೆ ನನಗೆ. ಒಂದು ಸಲ ಕೊಡ್ತೀವಿ, ತಿರುಗಿ ಹೋಗಲ್ಲ. ಹತ್ತು ಜನ ಬೇಡ, ಒಬ್ಬರನ್ನು ಹಿಡಿದುಕೊಳ್ಳಿ. ಅವರ ಹತ್ತಿರ ತಿರುಗಿ ತಿರುಗಿ ಹೋಗಿ.

ಧಾರವಾಡದ ಮೇಷ್ಟ್ರು

ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಆಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಹುಡುಗರು ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಬೇಕಿತ್ತು, ಕೆಲವರು ಇದೇ ಸಮಾರ್ಯದವನ ಬಗ್ಗೆಯೇ. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಸಮಯ ಇದೆ ಅಂದುಕೊಂಡವರಲ್ಲಿ ಶೇ. 63 ಜನ ಸಹಾಯ ಮಾಡಿದರು. ತಡವಾಯಿತು ಅಂತ ಓಡುತ್ತಿದ್ದವರಲ್ಲಿ ಶೇ. 10 ಮಾತ್ರ. ಅವರೆಲ್ಲ ಕೆಟ್ಟ ಹುಡುಗರಾ? ಅಲ್ಲ. ಅವಸರದಲ್ಲಿದ್ದರು ಅಷ್ಟೇ. ಇದನ್ನು ಓದಿದ ಮೇಲೆ ನಾನು ಶಾಲೆಗೆ ಹದಿನೈದು ನಿಮಿಷ ಮುಂಚೆ ಹೊರಡುತ್ತೇನೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿದರೆ ನಿಲ್ಲೋಕೆ ಆಗಬೇಕಲ್ವಾ.

ಹುಬ್ಬಳ್ಳಿಯ ನರ್ಸ್

ಅವಸರದ ಜೊತೆ ಭಯವೂ ಇದೆ. ಅಪಘಾತ ನೋಡಿ ಪೊಲೀಸು, ಕೋರ್ಟು ಅಂತ ಹೆದರಿ ಮುಂದೆ ಹೋಗುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರನ್ನು ಅದು ಕಾಪಾಡುತ್ತದೆ, ಇಷ್ಟ ಇಲ್ಲದಿದ್ದರೆ ಹೆಸರು ಕೂಡ ಹೇಳಬೇಕಿಲ್ಲ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೆ ಪಕ್ಕದಲ್ಲಿರಿ. ಕೈ ಹಿಡಿದುಕೊಂಡಿದ್ದರೂ ಸಾಕು. ಪ್ರಜ್ಞೆ ಬಂದ ಮೇಲೆ ಅದನ್ನು ನೆನಪಿಟ್ಟು ಕೇಳಿದವರಿದ್ದಾರೆ, "ಆ ಅಣ್ಣ ಎಲ್ಲಿ?" ಅಂತ.

ಶಿವಮೊಗ್ಗದ ಗೃಹಿಣಿ

ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮವರು ಸೇವೆ ಸೇವೆ ಅಂತ ಎರಡು ವರ್ಷ ಒಂದು ಭಾನುವಾರವೂ ಮನೆಯಲ್ಲಿರಲಿಲ್ಲ. ಮಗಳು "ಅಪ್ಪನಿಗೆ ಬೇರೆ ಮಕ್ಕಳೇ ಇಷ್ಟ" ಅಂದುಬಿಟ್ಟಳು. ಈಗ ಅವಳನ್ನೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಮಕ್ಕಳಿಗೆ ಅವಳೇ ಮಗ್ಗಿ ಹೇಳಿಕೊಡುತ್ತಾಳೆ. ಹೆಂಡತಿ ಮಕ್ಕಳನ್ನು ಕೇಳಿ, ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಪೂಜೆ ಮುಗಿದ ಮೇಲೆ ಮಗನ ಜೊತೆ ಅಜ್ಜನ ಹತ್ತಿರ ಹೋಗಿ ಪಕ್ಕದಲ್ಲೇ ಕೂತೆ. ಆವತ್ತು ಏನು ಹೇಳೋಕೆ ಬಂದಿದ್ರಿ ಅಂತ ಕೇಳಿದೆ. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಆಸ್ಪತ್ರೆ ಚೀಟಿ ತೆಗೆದರು. ಅವರಿಗೆ ಓದೋಕೆ ಬರಲ್ಲ. ಯಾವ ದಿನ ಬರಬೇಕು ಅಂತ ಬರೆದಿದ್ದಾರೆ ನೋಡು ಅಂತ ಕೇಳೋಕೆ ಬಂದಿದ್ದರಂತೆ. ಮಂಗಳವಾರ ಅಂತ ಇತ್ತು. ಅದು ಕಳೆದುಹೋಗಿದೆ. ಗುರುವಾರ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗ್ತಿದ್ದೇನೆ. ಹನ್ನೊಂದರ ಮೀಟಿಂಗನ್ನು ಮಧ್ಯಾಹ್ನಕ್ಕೆ ಹಾಕಿಸಿದ್ದೇನೆ.