ಲಾರಿ ಎಂಜಿನ್ ಚೊಕ್ಕ ಮಾಡೋಕೆ ಗುಜರಿ ಸಾಮಾನು: ಯಾವುದು ತರಬಹುದು, ಯಾವುದು ಬೇಡ?

ಪ್ರಶ್ನೆ:
ಸಾರ್, ನನ್ನದು ಹಳೇ ಲಾರಿ, 24 ವೋಲ್ಟಿನದು. ಮೂರು ಕೈ ದಾಟಿ ನನ್ನ ಹತ್ತಿರ ಬಂದಿದೆ. ಕ್ಯಾಬಿನ್ ಎತ್ತಿದರೆ ಒಳಗೆ ಕಣ್ಣು ಹಾಯಿಸೋಕೆ ಆಗಲ್ಲ. ಹಾರ್ನಿಗೊಂದು, ಫಾಗ್ ಲೈಟಿಗೊಂದು, ಫ್ಯಾನಿಗೊಂದು ಅಂತ ಬಂದವರೆಲ್ಲ ಬ್ಯಾಟರಿಯಿಂದಲೇ ನೇರ ವೈರ್ ಎಳೆದಿದ್ದಾರೆ. ಟೇಪು ಸುತ್ತಿದ ಜಾಯಿಂಟುಗಳು ಅಂಟಂಟಾಗಿ ಬಿಚ್ಚಿಕೊಂಡಿವೆ. ಹೋಸುಗಳನ್ನು ಕಂಬಿಯಲ್ಲಿ ಬಿಗಿದಿದ್ದಾರೆ. ಎಲ್ಲವನ್ನೂ ಹೊಸದಾಗಿ ಹಾಕಿಸುವ ಶಕ್ತಿ ಇಲ್ಲ. ಗುಜರಿಗೆ ಬಂದ ಗಾಡಿಗಳಿಂದ ಫ್ಯೂಸ್ ಬಾಕ್ಸು, ಕ್ಲಿಪ್ಪು, ಬ್ರಾಕೆಟ್ಟು, ಹೋಸು, ಕೂಲೆಂಟ್ ಡಬ್ಬ ತಂದು ಹಾಕಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್):
ಧಾರಾಳವಾಗಿ ತರಬಹುದು. ಆದರೆ ಲೋಹದ ಸಾಮಾನು ತನ್ನಿ, ರಬ್ಬರಿನದು ಬೇಡ. ಬ್ರಾಕೆಟ್ಟು, ಬ್ಯಾಟರಿ ಹಿಡಿಯುವ ಪಟ್ಟಿ, ವೈರ್ ಹಿಡಿದಿಡುವ ಲೋಹದ ಕ್ಲಿಪ್ಪು, ಹೆಣೆದ ತಾಮ್ರದ ಅರ್ಥ್ ಪಟ್ಟಿ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಇವಕ್ಕೆಲ್ಲ ಆಯಸ್ಸು ಜಾಸ್ತಿ. ರೇಡಿಯೇಟರ್ ಹೋಸು ಹಾಗಲ್ಲ. ಮೇಲೆ ಗಟ್ಟಿಮುಟ್ಟಾಗಿ ಕಂಡರೂ ಒಳಗಿಂದ ಬಿರುಕು ಬಿಟ್ಟಿರುತ್ತೆ. ಬೆಲ್ಟು, ಬ್ರೇಕಿನ ಗಾಳಿ ಪೈಪು, ಡೀಸೆಲ್ ಪೈಪು, ಇವು ಯಾವುವನ್ನೂ ಗುಜರಿಯಿಂದ ತರಬೇಡಿ, ಹೊಸದೇ ಹಾಕಿ. ಕೂಲೆಂಟ್ ಡಬ್ಬಕ್ಕೆ ಒತ್ತಡದ ಮುಚ್ಚಳ ಇದ್ದರೆ ಅದೂ ಬೇಡ. ಬಿಸಿಯಲ್ಲಿ ಬೆಂದು ಹಳದಿಯಾದ ಪ್ಲಾಸ್ಟಿಕ್ಕು ಹೊಲಿಗೆಯ ಜಾಗದಲ್ಲೇ ಸೀಳುತ್ತೆ, ಒಳಗಿರೋದು ಕುದಿಯುವ ನೀರು.

ಮೊದಲು ಎತ್ತಿದ ಕ್ಯಾಬಿನ್ನಿನ ಲಾಕ್ ಬಿದ್ದಿದೆಯಾ ನೋಡಿ, ಊರುಗೋಲು ಕೊಡಿ. ಆಮೇಲೆ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಬ್ಯಾಟರಿಯಲ್ಲಿ ಚಾಸಿಗೆ ಹೋಗುವ ಮೈನಸ್ ಕೇಬಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ಸನ್ನೇ ಮೊದಲು ಬಿಚ್ಚೋಕೆ ಹೋದರೆ, ಸ್ಪ್ಯಾನರ್ ಚಾಸಿಗೆ ತಗುಲಿದ ಕೂಡಲೇ ಶಾರ್ಟ್ ಆಗುತ್ತೆ.

ಫ್ಯೂಸ್ ಬಾಕ್ಸ್ ಆರಿಸೋದರಲ್ಲೇ ಅರ್ಧ ಕೆಲಸ ಇದೆ. ಬಾಕ್ಸನ್ನು ಮಾತ್ರ ಕಿತ್ತು ತರಬೇಡಿ, ವೈರುಗಳನ್ನು ಒಂದೊಂದು ಮೊಳ ಉದ್ದ ಬಿಟ್ಟು ಕತ್ತರಿಸಿ. ಫ್ಯೂಸುಗಳನ್ನು ಒಂದೊಂದಾಗಿ ಎಳೆದು ನೋಡಿ. ಬಿಗಿಯಾಗಿ ಬರಬೇಕು. ಸಲೀಸಾಗಿ ಬಂತು ಅಂದರೆ ಒಳಗಿನ ಪಿನ್ನು ಸಡಿಲವಾಗಿದೆ. ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಿಸಿಯಾಗಿ ಸುಟ್ಟಿದೆ, ಆ ಬಾಕ್ಸ್ ಬಿಟ್ಟುಬಿಡಿ. ಕೊನೆಗೆ ಒಂದು ವೈರಿನ ತುದಿ ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆಯಬೇಕು. ಕಪ್ಪಗಿದ್ದರೆ, ಹಸಿರು ಪುಡಿ ಹಿಡಿದಿದ್ದರೆ, ಸಿಪ್ಪೆಯ ಒಳಗೆ ತೇವ ಎಳೆಗಳ ಗುಂಟ ಹರಿದಿದೆ ಅಂತ ಅರ್ಥ. ನಾಲ್ಕು ಇಂಚು ಹಿಂದೆ ಕತ್ತರಿಸಿ ಮತ್ತೆ ನೋಡಿ. ಅಲ್ಲೂ ಕಪ್ಪೇ ಇದ್ದರೆ ಆ ವೈರು ಬೇಡ, ಬೆಸುಗೆಯೂ ಹಿಡಿಯಲ್ಲ, ಲಗ್ಗೂ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆ) ಹಿಡಿಯಲ್ಲ.

ಬ್ಯಾಟರಿಯಿಂದ ಬಾಕ್ಸಿಗೆ ಒಂದೇ ದಪ್ಪ ವೈರು ಬರಲಿ. ಅದಕ್ಕೆ ಬ್ಯಾಟರಿಯ ಪಕ್ಕದಲ್ಲೇ ಒಂದು ದೊಡ್ಡ ಫ್ಯೂಸ್ ಇರಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡು ವೈರಿಗೆ ಯಾವ ರಕ್ಷಣೆಯೂ ಇಲ್ಲ, ಅದಕ್ಕೇ ಅದು ಗಿಡ್ಡ ಇದ್ದಷ್ಟೂ ಒಳ್ಳೇದು. ಫ್ಯೂಸ್ ಇರೋದು ವೈರನ್ನು ಕಾಯೋಕೆ. ಸಣ್ಣ ವೈರಿಗೆ 30 ಆಂಪಿಯರ್ ಫ್ಯೂಸ್ ಹಾಕಿದರೆ, ಫ್ಯೂಸ್ ಹೋಗುವ ಮೊದಲೇ ವೈರು ಕೆಂಪಗೆ ಕಾಯುತ್ತೆ.

ಅರ್ಥ್ ಮರೆಯಬೇಡಿ. ನನ್ನ ಹತ್ತಿರ ಬಂದ ಒಂದು ಗಾಡಿಯಲ್ಲಿ ಸ್ಟಾರ್ಟ್ ಮಾಡಿದಾಗಲೆಲ್ಲ ಆಕ್ಸಿಲರೇಟರ್ ಕೇಬಲ್ ಮುಟ್ಟೋಕಾಗದಷ್ಟು ಬಿಸಿಯಾಗ್ತಿತ್ತು. ಎಂಜಿನ್ನಿಗೂ ಚಾಸಿಗೂ ಇರಬೇಕಾದ ಪಟ್ಟಿ ತುಂಡಾಗಿತ್ತು, ಸ್ಟಾರ್ಟರಿನ ಕರೆಂಟೆಲ್ಲ ಆ ಕೇಬಲ್ ಮೂಲಕ ವಾಪಸ್ ಹೋಗ್ತಿತ್ತು. ವೋಲ್ಟ್ ನೋಡುವ ಮೀಟರಿನ ಒಂದು ಕಡ್ಡಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟು ದಾಟಿದರೆ ಪಟ್ಟಿ ಬದಲಿಸಿ. ಕೂರಿಸುವ ಜಾಗದ ಪೇಂಟನ್ನು ಲೋಹ ಕಾಣುವ ತನಕ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿ.

ಮತ್ತೊಬ್ಬರ ಪ್ರಶ್ನೆ:
ಗುಜರಿಯಲ್ಲಿ ಕಾರಿನ ರಿಲೇಗಳು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ರಾಶಿ ಸಿಗ್ತವೆ. ಪಿನ್ನೂ ಅದೇ, ಸಾಕೆಟ್ಟೂ ಅದೇ. ಲಾರಿಗೆ ಹಾಕಿದರೆ ಆಗಲ್ವಾ ಅಣ್ಣಾ?

ಉತ್ತರ:
ಆಗಲ್ಲ ತಮ್ಮಾ. ಕೂರುತ್ತೆ, ಆದರೆ ಉಳಿಯಲ್ಲ. ಕಾರಿನದು 12 ವೋಲ್ಟಿನ ಕಾಯಿಲ್. ಅದಕ್ಕೆ 24 ಕೊಟ್ಟರೆ ಕರೆಂಟ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬರುತ್ತೆ. ಮೇಲಿನ ಬರಹ ಅಳಿಸಿಹೋಗಿದ್ದರೆ ಕಾಯಿಲಿನ 85, 86 ಪಿನ್ನುಗಳ ನಡುವೆ ಓಮ್ ನೋಡು. 12 ವೋಲ್ಟಿನದು ಸಾಮಾನ್ಯವಾಗಿ 80ರಿಂದ 100 ತೋರಿಸುತ್ತೆ, 24ರದು 300ರ ಆಸುಪಾಸು. ಎರಡು ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸುಗಳಿಗೆ ಈ ತೊಂದರೆ ಇಲ್ಲ, ತಲೆಯ ಮೇಲೆ 32 ವೋಲ್ಟ್ ಅಂತ ಬರೆದಿದ್ದರೆ ಎರಡಕ್ಕೂ ನಡೆಯುತ್ತೆ.

ಮೊದಲು ಕೇಳಿದವರು:
ಸಾರ್, ಇವತ್ತು ಬಿಚ್ಚೋಕೆ ಶುರು ಮಾಡಿದೆ. ಒಂದು ಕೆಂಪು ವೈರು ಬ್ಯಾಟರಿ ಪ್ಲಸ್ಸಿನಿಂದ ಹೊರಟು ಎಂಜಿನ್ ಹಿಂದೆ ಸುತ್ತಿ ಡೀಸೆಲ್ ಫಿಲ್ಟರ್ ಪಕ್ಕ ನೇತಾಡ್ತಿದೆ. ತುದಿಗೆ ಏನೂ ಇಲ್ಲ, ಬರೀ ಟೇಪು. ಯಾವಾಗಲೋ ಇದ್ದ ಲೈಟಿನದು ಅನ್ಸುತ್ತೆ. ತುದಿಗೆ ಚೆನ್ನಾಗಿ ಟೇಪು ಸುತ್ತಿ ಹಾಗೇ ಬಿಡಲಾ?

ಉತ್ತರ:
ಬಿಡಬೇಡಿ. ಬೇರೆಲ್ಲ ಕೆಲಸ ನಿಲ್ಲಿಸಿ ಮೊದಲು ಅದನ್ನು ತೆಗೀರಿ. ಫ್ಯೂಸ್ ಇಲ್ಲದ ಜೀವಂತ ವೈರು ಅದು, ತುದಿಯ ಟೇಪು ಡೀಸೆಲ್ ಕುಡಿದು ಜಾರಿದ ದಿನ ಕಿಡಿ ಹಾರುತ್ತೆ. ಬ್ಯಾಟರಿ ಕಡೆಯಿಂದ ಲಗ್ ಬಿಚ್ಚಿ, ಪೂರ್ತಿ ಉದ್ದ ಎಳೆದು ಹೊರಗೆ ಹಾಕಿ. ಅದು ಹಾದುಹೋದ ದಾರಿಯಲ್ಲಿ ಬೇರೆ ವೈರುಗಳ ಸಿಪ್ಪೆ ಸವೆದಿದೆಯಾ ಬೆರಳಾಡಿಸಿ ನೋಡಿ, ಅದರಲ್ಲೂ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಬಿಸಿ ಪೈಪು) ಹತ್ತಿರ, ಎಂಜಿನ್ ತಣ್ಣಗಿದ್ದಾಗ. ಹೊಸ ವೈರಿಂಗನ್ನು ಡೀಸೆಲ್ ಪೈಪಿಗೆ ಯಾವ ಕಾರಣಕ್ಕೂ ಕಟ್ಟಬೇಡಿ, ಅದಕ್ಕೆ ಬೇರೆ ಕ್ಲಿಪ್ಪು ಹಾಕಿ. ತಗಡಿನ ತೂತಿನಲ್ಲಿ ನುಗ್ಗುವ ಕಡೆಯೆಲ್ಲ ರಬ್ಬರ್ ಬಳೆ ಇರಲಿ. ಅದೂ ರಬ್ಬರೇ ಆದ್ದರಿಂದ ಹೊಸದನ್ನೇ ತನ್ನಿ.

ಮೊದಲು ಕೇಳಿದವರು:
ತೆಗೆದೆ ಸಾರ್. ಎರಡು ಮಾರು ಉದ್ದ ಇತ್ತು. ಮ್ಯಾನಿಫೋಲ್ಡ್ ಪಕ್ಕ ಒಂದು ಗೇಣು ಸಿಪ್ಪೆ ಕರಗಿ ತಾಮ್ರ ಕಾಣ್ತಿದೆ.